ಹಾಲ್‌ನವರ ಜೊತೆ ಡಿಜೆ ಕೆಲಸ: ಬುಕಿಂಗ್‌ನಿಂದ ಸಾಮಾನು ಕಟ್ಟುವ ತನಕ

ಒಂದು ಹಾಲ್‌ಗೆ ಹೋದರೆ ಗೇಟಿನವರೇ ಲಿಫ್ಟ್ ಎಲ್ಲಿದೆ ಎಂದು ತೋರಿಸುತ್ತಾರೆ. ಎಲೆಕ್ಟ್ರಿಷಿಯನ್ ತಾವಾಗಿಯೇ ಬಂದು ಪ್ಲಗ್ ಪಾಯಿಂಟ್ ಕೊಡುತ್ತಾರೆ. ಊಟದ ಹೊತ್ತಿಗೆ ಯಾರೋ ಒಬ್ಬರು ನೆನಪಿಟ್ಟು ಕರೆಯುತ್ತಾರೆ. ಇನ್ನೊಂದು ಹಾಲ್‌ನಲ್ಲಿ ಅದೇ ಡಿಜೆ, ಅದೇ ಸಾಮಾನು. ಆದರೆ ಗೇಟಿನಲ್ಲೇ ಕಾಯಿಸುತ್ತಾರೆ, ಅಡುಗೆಮನೆ ಬಾಗಿಲ ಪಕ್ಕ ಜಾಗ ತೋರಿಸುತ್ತಾರೆ, ಮೊದಲ ಹಾಡಿಗೇ ಬಂದು "ಸೌಂಡ್ ಕಡಿಮೆ ಮಾಡಿ" ಎನ್ನುತ್ತಾರೆ.

ಈ ವ್ಯತ್ಯಾಸ ಯಾಕೆ? ಹಾಲ್‌ನವರಿಗೆ ನಮ್ಮ ಮೇಲೆ ದ್ವೇಷ ಏನೂ ಇಲ್ಲ. ನಮ್ಮನ್ನು ಕರೆಸಿದವರು ಗ್ರಾಹಕರು. ನಮ್ಮ ಹೆಸರು ಹಾಲ್‌ನವರ ಪಟ್ಟಿಯಲ್ಲಿ ಇರುವುದಿಲ್ಲ. ಅವರಿಗೆ ಗೊತ್ತಿರುವುದು ಹಿಂದೆ ಬಂದು ಹೋದ ಡಿಜೆಗಳು ಮಾತ್ರ. ಅವರಿಂದ ಹಾಲ್‌ನವರು ಪಟ್ಟ ಪಾಡು ಏನು ಅಂದರೆ ಪಕ್ಕದವರ ದೂರು, ಟ್ರಿಪ್ ಆದ ಕರೆಂಟು, ಗೀರು ಬಿದ್ದ ನೆಲ, ಮಧ್ಯರಾತ್ರಿ ದಾಟಿದರೂ ಮುಗಿಯದ ಸಾಮಾನು ಕಟ್ಟುವ ಕೆಲಸ. ನೀವು ಬಾಗಿಲಲ್ಲಿ ನಿಂತಾಗ ಅವರ ಕಣ್ಣಿಗೆ ಮೊದಲು ಕಾಣುವುದು ಇದೇ.

ನಾನು ನಂಬಿರುವುದು ಇಷ್ಟು. ಹಾಲ್‌ನವರು ನಮ್ಮನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನೋದು ಹೆಚ್ಚಿನ ಸಲ ಮೊದಲ ಹಾಡು ಶುರುವಾಗುವ ಮುಂಚೆಯೇ ತೀರ್ಮಾನ ಆಗಿರುತ್ತದೆ. ಆ ತೀರ್ಮಾನದಲ್ಲಿ ದೊಡ್ಡ ಪಾಲು ನಮ್ಮ ಕೈಯಲ್ಲೇ ಇದೆ. ಹಾಗಂತ ಅವಮಾನ ನುಂಗಿಕೊಂಡು ಕೆಲಸ ಮಾಡಬೇಕು ಎಂದು ನಾನು ಹೇಳುತ್ತಿಲ್ಲ. ನಾವೂ ಅಲ್ಲಿಗೆ ದುಡಿಯಲು ಬಂದವರು. ಎರಡನ್ನೂ ಸೇರಿಸಿ, ಬುಕಿಂಗ್ ದಿನದಿಂದ ಕ್ರಮವಾಗಿ ಹೇಳುತ್ತೇನೆ.

1. ಯಾರ ಜೊತೆ ಮಾತಾಡಬೇಕು ಎಂದು ಮೊದಲು ತಿಳಿದುಕೊಳ್ಳಿ

ಗ್ರಾಹಕರು ನಿಮಗೆ ಹಾಲ್‌ನ ಒಂದು ಫೋನ್ ನಂಬರ್ ಕೊಡುತ್ತಾರೆ. ಅದು ಸಾಮಾನ್ಯವಾಗಿ ಬುಕಿಂಗ್ ನೋಡುವವರ ನಂಬರ್. ಅವರು ಒಳ್ಳೆಯವರೇ, ಎಲ್ಲದಕ್ಕೂ "ಆಗುತ್ತೆ, ಆಗುತ್ತೆ" ಎನ್ನುತ್ತಾರೆ. ಆದರೆ ಕಾರ್ಯಕ್ರಮದ ದಿನ ಸಂಜೆ ಅವರು ಅಲ್ಲಿ ಇರುವುದೇ ಇಲ್ಲ. ಅವತ್ತು ಇರುವವರು ಡ್ಯೂಟಿ ಮ್ಯಾನೇಜರ್, ಬಡಿಸುವವರನ್ನು ನೋಡಿಕೊಳ್ಳುವ ಕ್ಯಾಪ್ಟನ್, ಎಲೆಕ್ಟ್ರಿಷಿಯನ್, ಗೇಟಿನ ಸೆಕ್ಯುರಿಟಿ, ಕ್ಲೀನಿಂಗ್‌ನವರು. ಬುಕಿಂಗ್‌ನವರು ನಿಮಗೆ ಕೊಟ್ಟ ಮಾತು ಇವರ ಕಿವಿಗೆ ಬಿದ್ದಿರುವುದಿಲ್ಲ. ಅರ್ಧ ಜಗಳಗಳು ಹುಟ್ಟುವುದು ಇಲ್ಲೇ.

ಆದ್ದರಿಂದ ಬುಕಿಂಗ್‌ನವರಿಗೆ ಫೋನ್ ಮಾಡಿದಾಗ ಮೊದಲ ಪ್ರಶ್ನೆ ಇದಾಗಿರಲಿ: "ಅವತ್ತು ಸಂಜೆ ಡ್ಯೂಟಿಯಲ್ಲಿ ಯಾರು ಇರುತ್ತಾರೆ? ಅವರ ಹೆಸರು, ನಂಬರ್ ಸಿಗುತ್ತಾ?" ಎಲೆಕ್ಟ್ರಿಷಿಯನ್ ನಂಬರ್ ಕೂಡ ಕೇಳಿ. ಇವೆರಡು ಸಿಕ್ಕರೆ ಮುಂದಿನ ದಾರಿ ಸುಲಭ.

2. ಹತ್ತು ದಿನ ಮುಂಚೆ ಒಂದು ಫೋನ್, ಆಮೇಲೆ ಒಂದು ಮೆಸೇಜ್

ತಿಂಗಳು ಮುಂಚೆ ಕೇಳಿದರೆ ಮರೆತುಬಿಡುತ್ತಾರೆ. ಹಿಂದಿನ ದಿನ ಕೇಳಿದರೆ ಏನನ್ನೂ ಬದಲಿಸಲು ಆಗುವುದಿಲ್ಲ. ಹತ್ತು ದಿನ ಸರಿಯಾದ ಸಮಯ.

ಫೋನಿನಲ್ಲಿ ಇವನ್ನು ಕೇಳಿ. ಸಾಮಾನು ಇಳಿಸಲು ಯಾವ ಗೇಟು? ಗಾಡಿ ಎಲ್ಲಿ ನಿಲ್ಲಿಸಬೇಕು? ಮೆಟ್ಟಿಲು ಎಷ್ಟು, ಲಿಫ್ಟ್‌ನಲ್ಲಿ ಸಬ್‌ವೂಫರ್ (ಗುಡುಗುವ ತಗ್ಗಿನ ಸದ್ದಿಗೆಂದೇ ಇರುವ ದೊಡ್ಡ ಸ್ಪೀಕರ್) ಹಿಡಿಸುತ್ತಾ? ಹಾಲ್ ನಮಗೆ ಎಷ್ಟು ಗಂಟೆಗೆ ಖಾಲಿ ಸಿಗುತ್ತದೆ? ಅದೇ ದಿನ ಬೆಳಿಗ್ಗೆ ಬೇರೆ ಕಾರ್ಯಕ್ರಮ ಇದೆಯಾ? ಹಾಡು ಎಷ್ಟು ಗಂಟೆಗೆ ನಿಲ್ಲಬೇಕು? ಸೌಂಡ್‌ಗೆ ಮಿತಿ ಇದೆಯಾ, ಮಿತಿ ದಾಟಿದರೆ ಕರೆಂಟು ನಿಲ್ಲಿಸುವ ಲಿಮಿಟರ್ ಇದೆಯಾ? ನಮಗೆ ಕೊಡುವ ಪ್ಲಗ್ ಪಾಯಿಂಟ್ ಎಷ್ಟು ಆಂಪಿಯರ್‌ನದ್ದು? ಹೊಗೆ ಮಷಿನ್ ಹಾಕಬಹುದಾ? ಹೊರಗಿನಿಂದ ಬರುವ ಡಿಜೆಗೆ ಏನಾದರೂ ಶುಲ್ಕ, ಠೇವಣಿ, ವಿಮೆ ಕಾಗದ ಬೇಕಾ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಕೆಲವು ಹಾಲ್‌ಗಳಿಗೆ ತಮ್ಮದೇ ಡಿಜೆ ಇರುತ್ತಾರೆ, ಇಲ್ಲವೇ ಒಪ್ಪಂದ ಮಾಡಿಕೊಂಡ ತಂಡ ಇರುತ್ತದೆ. ಅಂಥ ಕಡೆ ಹೊರಗಿನವರಿಗೆ ಸಿಗುವ ತಣ್ಣನೆಯ ಸ್ವಾಗತಕ್ಕೆ ಕಾರಣ ವ್ಯಾಪಾರ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಶುಲ್ಕ ಇದ್ದರೆ ಅದನ್ನು ಯಾರು ಕೊಡುತ್ತಾರೆ ಎಂದು ಗ್ರಾಹಕರ ಜೊತೆ ಅವತ್ತೇ ಮಾತಾಡಿ ಮುಗಿಸಿ. ಕಾರ್ಯಕ್ರಮದ ದಿನ ಗೇಟಿನಲ್ಲಿ ಈ ವಿಷಯ ಎದ್ದರೆ ಎಲ್ಲರಿಗೂ ಕಷ್ಟ.

ಫೋನ್ ಇಟ್ಟ ಕೂಡಲೇ ಮೆಸೇಜ್ ಕಳಿಸಿ. ಗ್ರಾಹಕರನ್ನೂ ಸೇರಿಸಿ. ಹೀಗೆ ಬರೆದರೆ ಸಾಕು:

"ನಮಸ್ಕಾರ ಸರ್. ಈಗ ಫೋನಿನಲ್ಲಿ ಮಾತಾಡಿದ ಡಿಜೆ ನಾನು. ಶನಿವಾರ ಸಂಜೆಯ ಕಾರ್ಯಕ್ರಮಕ್ಕೆ ನಾವು ಇಬ್ಬರು ಬರುತ್ತೇವೆ. ಮಧ್ಯಾಹ್ನ 3 ಗಂಟೆಗೆ ಹಿಂದಿನ ಗೇಟಿನಲ್ಲಿ ಇರುತ್ತೇವೆ. ಸ್ಟೇಜಿನ ಎಡಗಡೆ ಜಾಗ, ಎರಡು 16 ಆಂಪಿಯರ್ ಪಾಯಿಂಟ್ ಎಂದು ಹೇಳಿದ್ದೀರಿ. ರಾತ್ರಿ 10ಕ್ಕೆ ಹಾಡು ನಿಲ್ಲಿಸುತ್ತೇವೆ, 11ರ ಒಳಗೆ ಹಾಲ್ ಬಿಡುತ್ತೇವೆ. ಇದರಲ್ಲಿ ಏನಾದರೂ ಬದಲಾದರೆ ದಯವಿಟ್ಟು ತಿಳಿಸಿ."

ಈ ಮೆಸೇಜ್‌ನಿಂದ ಎರಡು ಲಾಭ. ಹಾಲ್‌ನವರಿಗೆ ನೀವು ಲೆಕ್ಕ ಇಟ್ಟು ಕೆಲಸ ಮಾಡುವವರು ಎಂದು ಗೊತ್ತಾಗುತ್ತದೆ. ಅವತ್ತು ಯಾರಾದರೂ "ಹಾಗೆ ಹೇಳಿಯೇ ಇಲ್ಲ" ಎಂದರೆ ತೋರಿಸಲು ನಿಮ್ಮ ಕೈಯಲ್ಲಿ ಬರಹ ಇರುತ್ತದೆ.

3. ಗ್ರಾಹಕರ ಒಪ್ಪಂದದಲ್ಲಿ ನಿಮ್ಮ ಅಗತ್ಯಗಳನ್ನು ಬರೆಯಿರಿ

ಊಟ, ನೀರು, ಕೂರಲು ಕುರ್ಚಿ, ಗಟ್ಟಿ ಟೇಬಲ್, ಮಳೆ ಬಿಸಿಲಿಂದ ರಕ್ಷಣೆ, ಸೆಟಪ್‌ಗೆ ಕನಿಷ್ಠ ಎರಡು ಗಂಟೆ. ಇವನ್ನೆಲ್ಲ ಕೇಳಲು ಸಂಕೋಚ ಬೇಡ. ಹಾಲ್‌ನಲ್ಲಿ ಊಟದ ಲೆಕ್ಕ ತಲೆ ಎಣಿಸಿ ನಡೆಯುತ್ತದೆ. ಆ ಲೆಕ್ಕದಲ್ಲಿ ನೀವು ಇಲ್ಲದಿದ್ದರೆ ಕ್ಯಾಪ್ಟನ್ ತಾವಾಗಿ ಊಟ ಕೊಡುವ ಹಾಗಿರುವುದಿಲ್ಲ. ಅವರು ಕೆಟ್ಟವರಾಗಿ ಕಾಣುತ್ತಾರೆ, ನೀವು ಹಸಿದು ಆರು ಗಂಟೆ ನಿಲ್ಲುತ್ತೀರಿ. ಗ್ರಾಹಕರು ಮುಂಚೆಯೇ "ಡಿಜೆ ತಂಡದ ಇಬ್ಬರಿಗೂ ಊಟ" ಎಂದು ಹಾಲ್‌ಗೆ ಹೇಳಿಬಿಟ್ಟರೆ ಈ ಕಷ್ಟವೇ ಇಲ್ಲ.

ಹಾಲ್‌ನವರು ಕಾರ್ಯಕ್ರಮವನ್ನು ಮುಂಚೆ ನಿಲ್ಲಿಸಿದರೆ ನಿಮ್ಮ ಹಣದ ಗತಿ ಏನು, ತಡವಾದರೆ ಹೆಚ್ಚುವರಿ ಗಂಟೆಯ ಲೆಕ್ಕ ಹೇಗೆ, ಅತಿಥಿಗಳು ನಿಮ್ಮ ಸಾಮಾನು ಹಾಳು ಮಾಡಿದರೆ ಯಾರು ಹೊಣೆ. ಈ ಮೂರನ್ನೂ ಸೇರಿಸಿ. ಹೊಸ ಹಾಲ್ ಆದರೆ ಒಮ್ಮೆ ಹೋಗಿ ನೋಡಿಬನ್ನಿ. ಆಗದಿದ್ದರೆ ಹಾಲ್‌ನ ನಾಲ್ಕು ಮೂಲೆಗಳ ಫೋಟೋ ತರಿಸಿಕೊಳ್ಳಿ.

4. ಗೇಟಿನಲ್ಲಿ, ಜಾಗದಲ್ಲಿ

ಹೇಳಿದ ಸಮಯಕ್ಕೆ ಹತ್ತು ನಿಮಿಷ ಮುಂಚೆ ತಲುಪಿ. ಗಾಡಿಯಿಂದ ಸಾಮಾನು ಇಳಿಸುವ ಮುಂಚೆ ಖಾಲಿ ಕೈಯಲ್ಲಿ ಒಳಗೆ ಹೋಗಿ. ಡ್ಯೂಟಿ ಮ್ಯಾನೇಜರನ್ನು ಹುಡುಕಿ ಹೆಸರು ಹೇಳಿ ಮಾತಾಡಿಸಿ. ಆಮೇಲೆ ಸಾಮಾನು. ಈ ಕ್ರಮ ಚಿಕ್ಕದು ಅನ್ನಿಸಬಹುದು. ಆದರೆ ಕೇಳದೆ ಟ್ರಾಲಿ ತಳ್ಳಿಕೊಂಡು ಬಂದವರನ್ನು ತಡೆಯುವುದು ಹಾಲ್‌ನವರ ಕೆಲಸ. ಮೊದಲೇ ಬಂದು ಪರಿಚಯ ಹೇಳಿಕೊಂಡವರಿಗೆ ಅವರು ದಾರಿ ತೋರಿಸುತ್ತಾರೆ.

ಗೇಟಿನವರಿಗೂ ಕ್ಲೀನಿಂಗ್‌ನವರಿಗೂ ಅದೇ ಮರ್ಯಾದೆ ಕೊಡಿ. ಮ್ಯಾನೇಜರ್ ಮುಂದೆ "ಸರ್, ಮೇಡಂ" ಎಂದು, ನೆಲ ಒರೆಸುವವರನ್ನು ಏಕವಚನದಲ್ಲಿ ಕರೆದರೆ ಅದು ಇಡೀ ಹಾಲ್‌ಗೆ ಕೇಳಿಸುತ್ತದೆ. ರಾತ್ರಿ ನಿಮಗೆ ಲಿಫ್ಟ್ ಕೀಲಿ ಕೊಡುವವರು ಅವರೇ. ಆದರೆ ನಾನು ಹೇಳುತ್ತಿರುವುದು ಆ ಲಾಭಕ್ಕಾಗಿ ಅಲ್ಲ. ನಮ್ಮನ್ನು ಕೀಳಾಗಿ ಕಾಣಬಾರದು ಎಂದು ಕೇಳುವವರು ನಾವೇ ಇನ್ನೊಬ್ಬರನ್ನು ಹಾಗೆ ಕಾಣುವುದು ಸರಿಯಲ್ಲ ಅಲ್ವಾ?

ರಬ್ಬರ್ ಚಕ್ರದ ಟ್ರಾಲಿ ತನ್ನಿ, ಸ್ಪೀಕರ್ ಸ್ಟ್ಯಾಂಡ್ ಕಾಲಿಗೂ ರಬ್ಬರ್ ಇರಲಿ. ಗೋಡೆಗೆ, ಬಾಗಿಲ ಚೌಕಟ್ಟಿಗೆ ಏನನ್ನೂ ಅಂಟಿಸಬೇಡಿ. ವೈರ್ ನಡೆಯುವ ದಾರಿ ದಾಟಬೇಕಾದರೆ ಅದರ ಮೇಲೆ ವೈರ್ ಮುಚ್ಚುವ ಇಳಿಜಾರು ಪಟ್ಟಿ, ಅಂದರೆ ಕೇಬಲ್ ರ‍್ಯಾಂಪ್ ಹಾಕಿ, ಇಲ್ಲದಿದ್ದರೆ ಅಗಲವಾದ ಬಟ್ಟೆಯ ಟೇಪ್, ಅಂದರೆ ಗ್ಯಾಫರ್ ಟೇಪ್‌ನಿಂದ ಪೂರ್ತಿ ಮುಚ್ಚಿ. ಬಿಸಿ ಪಾತ್ರೆ ಹಿಡಿದು ಓಡಾಡುವವರ ಕಾಲಿಗೆ ವೈರ್ ಸಿಕ್ಕಿದರೆ ಆಗುವ ಅನಾಹುತ ಚಿಕ್ಕದಲ್ಲ. ತುರ್ತು ಬಾಗಿಲ ಮುಂದೆ ಖಾಲಿ ಪೆಟ್ಟಿಗೆ ಕೂಡ ಇಡಬೇಡಿ.

ಜಾಗದ ವಿಷಯಕ್ಕೆ ಬರೋಣ. ಹಾಲ್‌ನವರು ಡಿಜೆಗೆ ತೋರಿಸುವುದು ಹೆಚ್ಚಾಗಿ ಉಳಿದ ಜಾಗ: ಕಂಬದ ಹಿಂದೆ, ಎಸಿ ನೀರು ತೊಟ್ಟಿಕ್ಕುವ ಕಡೆ, ಅಡುಗೆಮನೆ ಬಾಗಿಲ ಬದಿ. ಆಗ "ಇಲ್ಲಿ ಆಗಲ್ಲ" ಎಂದು ಮಾತ್ರ ಹೇಳಿದರೆ ಹಟ ಅನ್ನಿಸುತ್ತದೆ. ಕಾರಣವನ್ನು ಅವರ ಕೆಲಸದ ಕಡೆಯಿಂದ ಹೇಳಿ.

"ಮೇಡಂ, ನಾನು ಇಲ್ಲಿ ನಿಂತರೆ ನಿಮ್ಮ ಹುಡುಗರು ತಟ್ಟೆ ಹಿಡಿದು ನನ್ನ ವೈರ್ ದಾಟಿಯೇ ಹೋಗಬೇಕು. ಕುಣಿಯುವ ಜಾಗವೂ ಕಾಣಲ್ಲ, ಆಗ ಸೌಂಡ್ ಜಾಸ್ತಿ ಇಡಬೇಕಾಗುತ್ತೆ. ಆ ಕಡೆ ಗೋಡೆ ಹತ್ತಿರ ಸಿಕ್ಕರೆ ಕಡಿಮೆ ಸೌಂಡ್‌ನಲ್ಲೇ ಮುಗಿಸಬಹುದು."

ಇದು ಬರೀ ಜಾಣ ಮಾತಲ್ಲ, ನಿಜವೂ ಹೌದು. ಸ್ಪೀಕರ್ ಕುಣಿಯುವವರ ಹತ್ತಿರ ಇದ್ದಷ್ಟೂ ಕಡಿಮೆ ಸೌಂಡ್ ಸಾಕಾಗುತ್ತದೆ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆ ಇಳಿಕೆಯನ್ನು ತುಂಬಲು ಆಂಪ್ಲಿಫೈಯರ್ ನಾಲ್ಕು ಪಟ್ಟು ಪವರ್ ಕೊಡಬೇಕಾಗುತ್ತದೆ.

5. ಕರೆಂಟು: ಎಲೆಕ್ಟ್ರಿಷಿಯನ್ ನಂಬಿಕೆ ಗಳಿಸುವ ಜಾಗ

ಎಲೆಕ್ಟ್ರಿಷಿಯನ್ "ಎಷ್ಟು ಲೋಡು?" ಎಂದು ಕೇಳಿದಾಗ "ಮಾಮೂಲಿ ಲೋಡು" ಎನ್ನುವ ಡಿಜೆಯನ್ನು ಯಾರೂ ನಂಬುವುದಿಲ್ಲ. ಲೆಕ್ಕ ಹೇಳಿ. ವೋಲ್ಟ್ ಮತ್ತು ಆಂಪಿಯರ್ ಗುಣಿಸಿದರೆ ವ್ಯಾಟ್. ನಿಮ್ಮಲ್ಲಿ 230 ವೋಲ್ಟ್ ಇದ್ದರೆ 16 ಆಂಪಿಯರ್ ಪಾಯಿಂಟ್‌ನಿಂದ 3,680 ವ್ಯಾಟ್ ಎಳೆಯಬಹುದು. ಗಂಟೆಗಟ್ಟಲೆ ಓಡುವ ಲೋಡು ಆದ್ದರಿಂದ ಐದರಲ್ಲಿ ಒಂದು ಪಾಲು ಬಿಟ್ಟು, 2,900 ವ್ಯಾಟ್ ಆಸುಪಾಸಿನಲ್ಲಿ ನಿಲ್ಲಿಸುವುದು ಒಳ್ಳೆಯದು. ಸ್ಪೀಕರ್ ಡಬ್ಬದ ಮೇಲೆ ಬರೆದಿರುವ ದೊಡ್ಡ ವ್ಯಾಟ್ ಸಂಖ್ಯೆಯನ್ನು ಇದಕ್ಕೆ ಹಿಡಿಯಬೇಡಿ, ಅದು ಕ್ಷಣಮಾತ್ರದ ಗರಿಷ್ಠ. ಹಿಂಬದಿಯಲ್ಲಿ ಪವರ್ ಕೇಬಲ್ ಸಿಕ್ಕಿಸುವ ಕಡೆ ಬರೆದಿರುವ ಆಂಪಿಯರ್ ನೋಡಿ. ಎಲ್ಲವನ್ನೂ ಕೂಡಿಸಿ ಒಂದು ಚೀಟಿಯಲ್ಲಿ ಬರೆದು ಕೊಡಿ.

ಅದೇ ಲೈನಿನಲ್ಲಿ ಬೇರೆ ಏನು ಓಡುತ್ತಿದೆ ಎಂದು ಕೇಳಲೇಬೇಕು. ನೀರು ಕಾಯಿಸುವ ಬಾಯ್ಲರ್ ಒಂದೇ 2,000ದಿಂದ 3,000 ವ್ಯಾಟ್ ನುಂಗಬಹುದು. ಸಂಜೆ ಎಲ್ಲಾ ಸರಿಯಾಗಿದ್ದು, ಊಟದ ಹೊತ್ತಿಗೆ ಅಡುಗೆಯವರು ಬಾಯ್ಲರ್ ಹಾಕಿದ ಕೂಡಲೇ ಟ್ರಿಪ್ ಆದರೆ ಬೈಗುಳ ಬೀಳುವುದು ಡಿಜೆಗೇ. ಹೊಗೆ ಮಷಿನ್‌ನ ಹೀಟರ್ ಕೂಡ ಹಸಿದ ಸಾಮಾನೇ, ಅದನ್ನು ಬೇರೆ ಪಾಯಿಂಟ್‌ಗೆ ಹಾಕಿ. ಡಿಮ್ಮರ್ (ಲೈಟಿನ ಬೆಳಕು ಏರಿಸಿ ಇಳಿಸುವ ಸ್ವಿಚ್) ಇರುವ ಲೈನಿಗೆ ಆಡಿಯೋ ಸಾಮಾನು ಹಾಕಲೇಬೇಡಿ.

ಚಕ್ರಕ್ಕೆ ಸುತ್ತಿದ ಎಕ್ಸ್‌ಟೆನ್ಷನ್ ಕೇಬಲ್ ಅನ್ನು ಪೂರ್ತಿ ಬಿಚ್ಚಿ. ಸುತ್ತಿದ ಹಾಗೇ ದೊಡ್ಡ ಲೋಡು ಎಳೆದರೆ ಒಳಗೆ ಬಿಸಿ ಸೇರಿಕೊಂಡು ಕರಗಬಹುದು. ಹಮ್ ಸದ್ದು ಬಂತು ಎಂದು ಅರ್ಥ್ ಪಿನ್ ಕತ್ತರಿಸುವ ಅಥವಾ ಟೇಪ್ ಸುತ್ತುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ. ಅದು ಜೀವಕ್ಕೆ ಅಪಾಯ. ಆಡಿಯೋ ಲೈನಿಗೆ ಐಸೊಲೇಟರ್ ಎಂಬ ಚಿಕ್ಕ ಡಬ್ಬಿ ಹಾಕಿದರೆ ಹಮ್ ಹೆಚ್ಚಾಗಿ ಹೋಗುತ್ತದೆ. ಇದನ್ನೆಲ್ಲ ನೋಡುವ ಎಲೆಕ್ಟ್ರಿಷಿಯನ್‌ಗೆ ನಿಮ್ಮ ಬಗ್ಗೆ ಇರುವ ಅಭಿಪ್ರಾಯ ಹತ್ತೇ ನಿಮಿಷದಲ್ಲಿ ಬದಲಾಗುತ್ತದೆ.

ಕರೆಂಟು ಹೋಗಿ ಜನರೇಟರ್ ಬರಲು ಎಷ್ಟು ಸೆಕೆಂಡ್ ಎಂದೂ ಕೇಳಿಡಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದ್ದರೂ ಮಿಕ್ಸರ್ ಆಫ್ ಆಗುತ್ತದೆ. ಚಿಕ್ಕ ಯುಪಿಎಸ್ ಒಂದು ಮಿಕ್ಸರ್‌ಗೆ ಇದ್ದರೆ ಸಾಕು.

6. ಸೌಂಡ್: ಎಲ್ಲಾ ಮನಸ್ತಾಪಗಳ ಮೂಲ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಹಾಲ್‌ನವರು ಮತ್ತು ಡಿಜೆ ನಡುವೆ ಮಾತು ಕೆಡುವುದು ಬಹುತೇಕ ಇದೇ ಕಾರಣಕ್ಕೆ.

ನಾವು ಮರೆಯುವ ಒಂದು ಸಂಗತಿ ಇದೆ. ಅತಿಥಿಗಳು ಒಂದು ಸಂಜೆ ಬಂದು ಹೋಗುತ್ತಾರೆ. ಬಡಿಸುವವರು, ಕೌಂಟರ್‌ನಲ್ಲಿ ನಿಲ್ಲುವವರು ವಾರಕ್ಕೆ ಹಲವು ಸಂಜೆ ಅದೇ ಸದ್ದಿನಲ್ಲಿ ದುಡಿಯುತ್ತಾರೆ. ಅಮೆರಿಕದ ಕೆಲಸದ ಜಾಗದ ಆರೋಗ್ಯ ಸಂಸ್ಥೆ ನಿಯೋಷ್ ಹೇಳುವ ಮಿತಿ ದಿನಕ್ಕೆ 8 ಗಂಟೆ, 85 ಡೆಸಿಬೆಲ್. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಸುರಕ್ಷಿತ ಸಮಯ ಅರ್ಧ ಆಗುತ್ತದೆ. 94 ಡೆಸಿಬೆಲ್‌ಗೆ ಒಂದು ಗಂಟೆ. 100 ಡೆಸಿಬೆಲ್‌ಗೆ ಬರೀ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಒಂದು ಮಾನದಂಡ ಹೊರಡಿಸಿತು. ಅದರಲ್ಲೂ ಸರಾಸರಿ ಸೌಂಡ್ 100 ಡೆಸಿಬೆಲ್ ದಾಟಬಾರದು ಎಂದಿದೆ. ಸ್ಪೀಕರ್‌ಗೆ ಎದುರಾಗಿ ಕೌಂಟರ್ ಇದ್ದರೆ ಅಲ್ಲಿ ನಿಂತವರು ಸಂಜೆಯಿಡೀ ಏನು ಅನುಭವಿಸುತ್ತಾರೆ ಎಂದು ಯೋಚಿಸಿ.

ಹಾಗಾಗಿ ಸೌಂಡ್ ಚೆಕ್ ಮಾಡುವಾಗ ಕೌಂಟರ್ ಹತ್ತಿರ ಹೋಗಿ ನಿಂತು ಕೇಳಿ. ಅಲ್ಲಿರುವವರನ್ನು "ನಿಮಗೆ ಜಾಸ್ತಿ ಆಗ್ತಾ ಇದೆಯಾ?" ಎಂದು ವಿಚಾರಿಸಿ. ಸ್ಪೀಕರ್ ಮುಖವನ್ನು ಕುಣಿಯುವ ಜಾಗದ ಕಡೆ ತಿರುಗಿಸಿ, ಸ್ವಲ್ಪ ಕೆಳಗೆ ಬಾಗಿಸಿ. ಎರಡು ದೊಡ್ಡ ಸ್ಪೀಕರ್‌ನಲ್ಲಿ ಜೋರಾಗಿ ಹಾಕುವ ಬದಲು ನಾಲ್ಕು ಚಿಕ್ಕವನ್ನು ಹತ್ತಿರ ಇಟ್ಟು ಮೆಲ್ಲಗೆ ಹಾಕಿದರೆ ಕುಣಿಯುವವರಿಗೂ ಸಾಕು, ಕೆಲಸ ಮಾಡುವವರಿಗೂ ಹಿತ. ಬಡಿಸುವ ಹೊತ್ತಿನಲ್ಲಿ ಸೌಂಡ್ ಇಳಿಸಿ. ಅತಿಥಿ ಏನು ಕೇಳಿದರು ಎಂದು ಬಡಿಸುವವರಿಗೆ ಒಂದೇ ಸಲಕ್ಕೆ ಕೇಳಿಸಬೇಕು. ಈ ಕಾಳಜಿ ತೋರಿಸಿದ ಡಿಜೆಯ ಜೊತೆ ಸಿಬ್ಬಂದಿ ಬೇರೆಯೇ ರೀತಿ ನಡೆದುಕೊಳ್ಳುತ್ತಾರೆ. ನಿಮ್ಮ ಕಿವಿಗೂ ಇಯರ್‌ಪ್ಲಗ್ ಹಾಕಿಕೊಳ್ಳಿ.

ಈಗ ದೂರಿನ ವಿಷಯ. "ಸೌಂಡ್ ಜಾಸ್ತಿ" ಎಂದು ಬಂದವರಿಗೆ ನಿಜವಾಗಿ ತೊಂದರೆ ಕೊಡುವುದು ಹೆಚ್ಚಾಗಿ ಬಾಸ್, ಅಂದರೆ ಗುಡುಗುವ ತಗ್ಗಿನ ಸದ್ದು. ಎತ್ತರದ ಸ್ವರಗಳನ್ನು ಗೋಡೆ ತಡೆಯುತ್ತದೆ, ಬಾಸ್ ದಾಟಿಕೊಂಡು ಹೋಗುತ್ತದೆ. ಸೌಂಡ್ ಅಳೆಯುವ ಮೀಟರ್ 'ಎ' ಅಳತೆಯಲ್ಲಿ ಇದ್ದರೆ ಬಾಸ್ ಅನ್ನು ಕಡಿಮೆ ಲೆಕ್ಕ ಹಾಕುತ್ತದೆ. ಅದರಲ್ಲಿ ಎಲ್ಲಾ ಸರಿ ಇದ್ದರೂ ಪಕ್ಕದ ರೂಮಿನ ಕಿಟಕಿ ನಡುಗುತ್ತಿರಬಹುದು. 'ಸಿ' ಅಳತೆಗೆ ಹಾಕಿ ನೋಡಿ, ಬಾಸ್ ಎಷ್ಟಿದೆ ಎಂದು ಗೊತ್ತಾಗುತ್ತದೆ. ದೂರು ಬಂದಾಗ ಇಡೀ ಸೌಂಡ್ ಇಳಿಸುವ ಮುಂಚೆ ಸಬ್‌ವೂಫರ್ ಇಳಿಸಿ. ಮರದ ಸ್ಟೇಜಿನ ಮೇಲೆ ಸಬ್ ಇಡಬೇಡಿ, ಸ್ಟೇಜೇ ನಡುಗಲು ಶುರುವಾಗುತ್ತದೆ.

ಲಿಮಿಟರ್ ಇರುವ ಹಾಲ್‌ಗಳಲ್ಲಿ ಒಂದು ಮೈಕ್ ಸದಾ ಸದ್ದು ಅಳೆಯುತ್ತಿರುತ್ತದೆ. ಗೊತ್ತುಮಾಡಿದ ಮಿತಿಯನ್ನು ಕೆಲವು ಸೆಕೆಂಡ್ ದಾಟಿದರೆ ಪ್ಲಗ್ ಪಾಯಿಂಟ್‌ನ ಕರೆಂಟೇ ನಿಲ್ಲುತ್ತದೆ. ಜನರ ಚಪ್ಪಾಳೆ, ಕೂಗು ಕೂಡ ಅದರ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ನಿಮ್ಮ ಸೌಂಡ್ ಮಿತಿಗಿಂತ ಸ್ವಲ್ಪ ಕೆಳಗೇ ಇರಲಿ. ಕರೆಂಟು ನಿಂತರೆ ಮೊದಲು ಸ್ಪೀಕರ್, ಆಂಪ್ ಆಫ್ ಮಾಡಿ. ವಾಪಸ್ ಬಂದ ಮೇಲೆ ಲ್ಯಾಪ್‌ಟಾಪ್, ಮಿಕ್ಸರ್ ಮೊದಲು, ಸ್ಪೀಕರ್ ಕೊನೆಗೆ. ಲಿಮಿಟರ್ ಇಲ್ಲದ ಬೇರೆ ಪಾಯಿಂಟ್‌ನಿಂದ ಕಳ್ಳತನದಲ್ಲಿ ಲೈನ್ ಎಳೆಯುವ ಡಿಜೆಗಳಿದ್ದಾರೆ. ಅವರ ನಂತರ ಬರುವ ಎಲ್ಲಾ ಡಿಜೆಗಳಿಗೂ ಆ ಹಾಲ್‌ನಲ್ಲಿ ಅನುಮಾನದ ನೋಟ ಕಾದಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ಕಷ್ಟ ಇಬ್ಬರು ಯಜಮಾನರದ್ದು. ಮ್ಯಾನೇಜರ್ "ಇಳಿಸಿ" ಎನ್ನುತ್ತಾರೆ, ಗ್ರಾಹಕರ ಕಡೆಯವರು "ಏರಿಸಿ" ಎನ್ನುತ್ತಾರೆ. ಇದಕ್ಕೆ ಸಂಜೆಯೇ ದಾರಿ ಮಾಡಿಕೊಳ್ಳಿ. ಹಾಲ್ ಕಡೆಯಿಂದ ಒಬ್ಬರು, ಗ್ರಾಹಕರ ಕಡೆಯಿಂದ ಒಬ್ಬರು, ಇಬ್ಬರೂ ಒಟ್ಟಿಗೆ ನಿಂತು ಒಂದು ಹಾಡು ಕೇಳಲಿ. "ಇಷ್ಟು ಇರಲಿ" ಎಂದ ಜಾಗದಲ್ಲಿ ಮಿಕ್ಸರ್ ಮೇಲೆ ಟೇಪ್ ತುಂಡು ಅಂಟಿಸಿ. ರಾತ್ರಿ ಯಾರು ಬಂದರೂ ಆ ಗುರುತು ತೋರಿಸಿ, "ಅವರಿಬ್ಬರೂ ಒಪ್ಪಿದ ಮಟ್ಟ ಇದು, ಬದಲಿಸಬೇಕಾದರೆ ಅವರನ್ನು ಕೇಳೋಣ" ಎನ್ನಿ.

7. ಅಡುಗೆಮನೆ ಜೊತೆ ಹೊಂದಾಣಿಕೆ

ಊಟ ಸಿದ್ಧ ಎಂದು ಕ್ಯಾಪ್ಟನ್ ಹೇಳುವ ತನಕ ಮೈಕಿನಲ್ಲಿ ಊಟಕ್ಕೆ ಕರೆಯಬೇಡಿ. ಐದು ನಿಮಿಷ ಮುಂಚೆ ಕರೆದರೂ ಜನ ಎಲ್ಲಾ ಎದ್ದು ಸಾಲು ನಿಲ್ಲುತ್ತಾರೆ, ಒಳಗೆ ಅಡುಗೆಯವರು ಕಂಗಾಲು. ಅದೇ ರೀತಿ ಬಿಸಿಬಿಸಿ ಬಡಿಸಲು ಶುರು ಮಾಡಿದಾಗ ನೀವು ಕುಣಿಯುವ ಹಾಡು ಹಾಕಿದರೆ ಊಟ ಆರುತ್ತದೆ. ಸಂಜೆಯೇ ಕ್ಯಾಪ್ಟನ್ ಜೊತೆ ಕೂತು ಸಮಯದ ಪಟ್ಟಿ ನೋಡಿ. ಒಂದು ಕೈಸನ್ನೆ ಗೊತ್ತುಮಾಡಿಕೊಳ್ಳಿ. ಹೊಗೆ ಮಷಿನ್ ಬಳಸಲು ಅನುಮತಿ ಇದ್ದರೂ ಹಾಕುವ ಮುಂಚೆ ಹೇಳಿ. ಹೊಗೆಯನ್ನು ಬೆಳಕಿನಿಂದ ಗುರುತಿಸುವ ಡಿಟೆಕ್ಟರ್‌ಗಳು ನಮ್ಮ ಹೊಗೆಗೂ ಕೂಗಿಕೊಳ್ಳುತ್ತವೆ.

ನಿಮ್ಮ ಊಟಕ್ಕೆ ಎಲ್ಲಿ, ಯಾವಾಗ ಎಂದು ಕ್ಯಾಪ್ಟನ್‌ರನ್ನೇ ಕೇಳಿ. ಅತಿಥಿಗಳ ಸಾಲಿನಲ್ಲಿ ನೀವಾಗಿ ಹೋಗಿ ನಿಲ್ಲಬೇಡಿ. ಸಿಬ್ಬಂದಿ ಕೂತು ಉಣ್ಣುವ ಜಾಗದಲ್ಲೇ ಉಂಡರೆ ಇನ್ನೂ ಒಳ್ಳೆಯದು. ಅಲ್ಲಿ ಆಗುವ ಪರಿಚಯ ಬೇರೆಲ್ಲೂ ಆಗುವುದಿಲ್ಲ.

8. ಕೆಟ್ಟದಾಗಿ ನಡೆದುಕೊಂಡರೆ

ಇಷ್ಟೆಲ್ಲಾ ಮಾಡಿಯೂ ಕೆಲವು ಕಡೆ ಅವಮಾನ ತಪ್ಪುವುದಿಲ್ಲ. ಅತಿಥಿಗಳ ಮುಂದೆ ಗದರುವುದು, ಸೆಟಪ್ ಮುಗಿದ ಮೇಲೆ ಜಾಗ ಬದಲಿಸು ಎನ್ನುವುದು, ಪ್ಲಗ್ ಪಾಯಿಂಟ್ ಕೊಡಲು ಕೈ ಒಡ್ಡುವುದು, ನೀರು ಕೇಳಿದರೆ ಮುಖ ತಿರುಗಿಸುವುದು. ಡಿಜೆ ಹೆಣ್ಣುಮಗಳಾದರೆ ಅದರ ಮೇಲೆ ಇನ್ನೊಂದಷ್ಟು: "ಡಿಜೆ ಎಲ್ಲಿ, ಯಾವಾಗ ಬರ್ತಾರೆ?" ಎಂದು ಅವರನ್ನೇ ಕೇಳುತ್ತಾರೆ. ಬಟ್ಟೆ ಬದಲಿಸಲು ಜಾಗ ಇರುವುದಿಲ್ಲ, ರಾತ್ರಿ ಕತ್ತಲಲ್ಲಿ ಗಾಡಿಯ ತನಕ ಒಬ್ಬರೇ ನಡೆಯಬೇಕು. ಬೀಗ ಇರುವ ರೂಮು, ಬೆಳಕಿರುವ ಕಡೆ ಪಾರ್ಕಿಂಗ್, ಹೋಗುವಾಗ ಜೊತೆಗೆ ಸೆಕ್ಯುರಿಟಿ. ಇವನ್ನು ಹತ್ತು ದಿನ ಮುಂಚಿನ ಮೆಸೇಜ್‌ನಲ್ಲೇ ಬರೆದು ಕೇಳಿ. ಇದು ಉಪಕಾರ ಅಲ್ಲ, ಅವರು ಕೊಡಬೇಕಾದದ್ದು.

ಯಾರಾದರೂ ಗದರಿದಾಗ ಮೈಕ್ ಆಫ್ ಇದೆಯಾ ಎಂದು ಮೊದಲು ನೋಡಿ. ಉದ್ದದ ಹಾಡು ಒಂದು ಹಾಕಿ, ಪಕ್ಕಕ್ಕೆ ಕರೆದು ಮಾತಾಡಿ. "ನೀವು ಹೇಳಿದ್ದು ಮಾಡುತ್ತೇನೆ, ಆದರೆ ದಯವಿಟ್ಟು ಹತ್ತಿರ ಬಂದು ಹೇಳಿ. ಎಲ್ಲರ ಮುಂದೆ ಕೂಗಬೇಡಿ." ಇಷ್ಟು ಸಾಕು, ದನಿ ಏರಿಸಬೇಕಾಗಿಲ್ಲ. ಮತ್ತೆ ಹಾಗೇ ಆದರೆ ಡ್ಯೂಟಿ ಮ್ಯಾನೇಜರ್ ಹತ್ತಿರ ಹೋಗಿ. ಗ್ರಾಹಕರಿಗೆ ಒಂದೇ ವಾಕ್ಯದಲ್ಲಿ ತಿಳಿಸಿ: "ಹಾಲ್‌ನವರು ಮುಂಚೆ ಹೇಳಿದ್ದಕ್ಕಿಂತ ಅರ್ಧ ಗಂಟೆ ಬೇಗ ನಿಲ್ಲಿಸಲು ಹೇಳುತ್ತಿದ್ದಾರೆ, ನೀವು ಒಮ್ಮೆ ಮಾತಾಡುತ್ತೀರಾ?" ಅವರ ಸಂಭ್ರಮದ ದಿನ ಅದು. ನಿಮ್ಮ ಕೋಪದ ಪೂರ್ತಿ ಕಥೆ ಅವತ್ತು ಅವರಿಗೆ ಬೇಡ. ಸಮಯ, ಆಡಿದ ಮಾತು ಎರಡನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಸಾಮಾನಿಗೆ ಏಟಾಗಿದ್ದರೆ ಫೋಟೋ ತೆಗೆಯಿರಿ. ದೂರನ್ನು ಮರುದಿನ, ತಲೆ ತಣ್ಣಗಾದ ಮೇಲೆ, ಹಾಲ್‌ಗೆ ನೇರವಾಗಿ ಬರೆಯಿರಿ.

ಕೆಲವು ಸಂದರ್ಭದಲ್ಲಿ ಮಾತ್ರ ಹಾಡು ನಿಲ್ಲಿಸಲೇಬೇಕು. ಕರೆಂಟಿನ ಹತ್ತಿರ ನೀರು ಬಂದಾಗ, ಸುಟ್ಟ ವಾಸನೆ ಬಂದಾಗ, ಯಾರಾದರೂ ಕೈ ಮಾಡಿದಾಗ ಅಥವಾ ಮೈ ಮುಟ್ಟಿದಾಗ. ಅಲ್ಲಿ ಯಾರ ಅನುಮತಿಗೂ ಕಾಯಬೇಡಿ. ಲೈಟು ಹಾಕಿಸಿ, ಮ್ಯಾನೇಜರನ್ನು ಕರೆಯಿರಿ.

9. ಹಾಲ್ ನಡೆಸುವವರಿಗೆ ಎರಡು ಮಾತು

ನೀವು ಹಾಲ್ ಕಡೆಯವರಾಗಿದ್ದು ಇದನ್ನು ಓದುತ್ತಿದ್ದರೆ, ಒಂದು ಪುಟದ ಕಾಗದ ಮಾಡಿಡಿ: ಗೇಟು, ಲಿಫ್ಟ್ ಅಳತೆ, ಡಿಜೆ ಜಾಗ, ಪಾಯಿಂಟ್‌ಗಳ ಆಂಪಿಯರ್, ಸೌಂಡ್ ಮಿತಿ, ನಿಲ್ಲಿಸುವ ಸಮಯ, ಅವತ್ತಿನ ನಂಬರ್. ಬುಕಿಂಗ್ ಆದ ದಿನವೇ ಗ್ರಾಹಕರಿಗೆ ಕೊಡಿ. ಡಿಜೆ ಜಾಗಕ್ಕೆ ಪ್ರತ್ಯೇಕ ಲೈನ್ ಹಾಕಿಸಿ. ಬಂದವರಿಗೆ ನೀರು ಕೊಡಿ. ನಿಮ್ಮ ಅರ್ಧ ತಲೆನೋವು ಇದರಲ್ಲೇ ಹೋಗುತ್ತದೆ.

10. ಸಾಮಾನು ಕಟ್ಟುವಾಗ

ಹೇಳಿದ ಸಮಯಕ್ಕೆ ಕೊನೆಯ ಹಾಡು. "ಇನ್ನೊಂದು, ಇನ್ನೊಂದು" ಎಂದು ಜನ ಕೂಗಿದರೆ ಮ್ಯಾನೇಜರ್ ಮುಖ ನೋಡಿ. ಅವರು ತಲೆ ಆಡಿಸಿದರೆ ಮಾತ್ರ ಹಾಕಿ. ನೀವು ಹೊರಡುವ ತನಕ ಬಾಗಿಲು ಹಾಕುವವರು ಮನೆಗೆ ಹೋಗುವ ಹಾಗಿಲ್ಲ. ಕೆಲವರಿಗೆ ಕೊನೆಯ ಬಸ್ಸು ತಪ್ಪುತ್ತದೆ. ಹಾಗಾಗಿ ಬೇಗ ಕಟ್ಟಿ. ಅವರು ಕುರ್ಚಿ ಎತ್ತುವ ದಾರಿಯಲ್ಲಿರುವ ಸ್ಪೀಕರ್‌ಗಳನ್ನು ಮೊದಲು ತೆಗೆಯಿರಿ, ಟೇಬಲ್ ಆಮೇಲೆ. ಟೇಪ್ ಚೂರು ಒಂದೂ ಉಳಿಯದ ಹಾಗೆ ಕಿತ್ತು ನಿಮ್ಮ ಚೀಲಕ್ಕೇ ಹಾಕಿಕೊಳ್ಳಿ. ಏನಾದರೂ ಗೀರು, ಒಡಕು ಆಗಿದ್ದರೆ ಅವರು ಕಂಡುಹಿಡಿಯುವ ಮುಂಚೆ ನೀವೇ ತೋರಿಸಿ.

ಹೋಗುವಾಗ ಎಲೆಕ್ಟ್ರಿಷಿಯನ್, ಕ್ಯಾಪ್ಟನ್, ಗೇಟಿನವರು, ಮೂವರಿಗೂ ಹೇಳಿ ಹೊರಡಿ. ಮರುದಿನ ಡ್ಯೂಟಿ ಮ್ಯಾನೇಜರ್‌ಗೆ ಒಂದು ಮೆಸೇಜ್: ಯಾರು ಸಹಾಯ ಮಾಡಿದರೋ ಅವರ ಹೆಸರು ಹಾಕಿ ಧನ್ಯವಾದ ಹೇಳಿ. ಕೆಳಗಿನವರ ಹೆಸರು ಮೇಲಿನವರಿಗೆ ತಲುಪುವುದು ಅಪರೂಪ.

ಆಮೇಲೆ ನಿಮ್ಮ ಫೋನಿನಲ್ಲಿ ಆ ಹಾಲ್‌ಗೆ ಒಂದು ಪುಟ ತೆರೆಯಿರಿ. ಯಾವ ಗೇಟು, ಯಾವ ಪಾಯಿಂಟ್ ಯಾವ ಲೈನಿನದ್ದು, ಸೌಂಡ್ ಎಲ್ಲಿ ನಿಂತಿತು, ಯಾವ ಕಡೆಯಿಂದ ದೂರು ಬಂತು, ಯಾರ ಹತ್ತಿರ ಮಾತಾಡಿದರೆ ಕೆಲಸ ಆಗುತ್ತದೆ, ಊಟ ಕೊಟ್ಟರೋ ಇಲ್ಲವೋ. ಮುಂದಿನ ಸಲ ಅದೇ ಹಾಲ್‌ಗೆ ಬುಕಿಂಗ್ ಬಂದಾಗ ದರ ಹೇಳುವ ಮುಂಚೆ ಆ ಪುಟ ಓದಿ. ತೊಂದರೆ ಕೊಟ್ಟ ಹಾಲ್ ಆಗಿದ್ದರೆ, ಏನೇನು ಬರಹದಲ್ಲಿ ಬೇಕು ಎಂದು ಗ್ರಾಹಕರಿಗೆ ಮೊದಲ ಫೋನಿನಲ್ಲೇ ಹೇಳಿಬಿಡಿ.